ತ್ರಯಸ್ಥ ಮುರಗೆಪ್ಪ ಮತ್ತು ಅನಾಮಿಕ ಕಿಟ್ಲಿ

ಬಾಗಿಲು ಬಡಿದ ಸದ್ದಾಯಿತು.

ಕರಜಗಿಯಲ್ಲಿ ಊಟ ಮುಗಿಸಿ, ಟಿ.ವಿ. ಆರಿಸಿ, ಹಾಸಿಗೆ ಹಾಸುವ ಹೊತ್ತು. ಆ ಹೊತ್ತಿನಲ್ಲಿ ಬಾಗಿಲು ಬಡಿಯುವವರು ಮನೆಯವರ ಹೆಸರು ಹಿಡಿದು ಕೂಗುತ್ತಾರೆ. ಕೂಗಲು ಸಂಕೋಚವಾದರೆ ಕೆಮ್ಮುತ್ತಾರೆ. ಈ ಬಡಿತದ ಹಿಂದೆ ಹೆಸರೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಮುರಗೆಪ್ಪ ಹತ್ತಳ್ಳಿ ಬನಿಯನ್ನಿನಲ್ಲೇ ಎದ್ದುಹೋಗಿ ಅಗಳಿ ತೆಗೆದ.

ಹೊರಗೆ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಅಲ್ಯೂಮಿನಿಯಮ್ಮಿನ ಕಿಟ್ಲಿಯೊಂದು ಕುಳಿತಿತ್ತು. ಅದರ ಮೈಗೆ ಕಂಬಳಿಯ ತುಂಡು ಸುತ್ತಿತ್ತು, ಮೂತಿಗೆ ಬಟ್ಟೆ ತುರುಕಿತ್ತು. ಯಾರನ್ನೋ ಬಾಯಿ ಕಟ್ಟಿ ಅಪಹರಿಸಿ ತಂದು ಇಳಿಸಿಹೋದಂತೆ ಕಾಣುತ್ತಿತ್ತು. ಮುರಗೆಪ್ಪ ಬಗ್ಗಿ ಮುಟ್ಟಿದ. ಉಗುರುಬೆಚ್ಚಗಿತ್ತು. ಮೂತಿಯ ಬಟ್ಟೆ ಎಳೆದ. ಹಸಿ ಶುಂಠಿಯ ವಾಸನೆ ನೇರವಾಗಿ ಬಂದು ಅವನ ಮೂಗನ್ನು ಹಿಡಿದುಕೊಂಡಿತು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಓಣಿಯ ನಾಯಿಯೊಂದು ಅವನನ್ನು ದಿಟ್ಟಿಸಿ, ಸಾಕ್ಷಿ ಹೇಳುವ ಇಚ್ಛೆ ಇಲ್ಲದೆ ಮುಖ ತಿರುಗಿಸಿತು.

"ಯಾರ್ರೀ ಅದು?" ಒಳಗಿನಿಂದ ಹೆಂಡತಿ ಮಲಕವ್ವನ ದನಿ.

"ಯಾರೂ ಇಲ್ಲ," ಎಂದ ಮುರಗೆಪ್ಪ, ಕಿಟ್ಲಿಯನ್ನು ಬೆನ್ನ ಹಿಂದೆ ಅಡಗಿಸುತ್ತ.

ತನ್ನದೇ ಮನೆಯಲ್ಲಿ, ಕೈಹಿಡಿದ ಹೆಂಡತಿಗೆ ಕಾಣದಂತೆ, ಗೃಹಸ್ಥನೊಬ್ಬ ಚಹಾ ಬಚ್ಚಿಡುವ ಪರಿಸ್ಥಿತಿ ಸುಮ್ಮನೆ ಬರುವುದಿಲ್ಲ. ಅದರ ಹಿಂದೆ ಸಾರ್ವಜನಿಕ ನೀತಿ ಇರಬೇಕಾಗುತ್ತದೆ. ಇಲ್ಲಿಯೂ ಇತ್ತು.

ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡ ಊರು ಕರಜಗಿ. ಅದರ ಬಸ್ ಸ್ಟ್ಯಾಂಡಿನೆದುರು ಪೈಪು, ನಳ, ಮೋಟರಿನ ಬಿಡಿಭಾಗಗಳ ಅಂಗಡಿಯಿಟ್ಟ ಮುರಗೆಪ್ಪ ಯಾವುದನ್ನೂ ನಿರ್ಧರಿಸಲಾರದ ಮನುಷ್ಯನೆಂದು ಹೆಸರಾಗಿದ್ದ. "ಇವೆರಡರಾಗ ಯಾವ ಪೈಪ್ ಚಲೋರಿ?" ಎಂದು ಗಿರಾಕಿ ಕೇಳಿದರೆ "ಎರಡೂ ಚಲೋ ಅದಾವ್ರಿ" ಎನ್ನುತ್ತಿದ್ದ. "ಯಾವದು ಒಯ್ಯಲಿ?" ಎಂದರೆ "ನಿಮಗ ಯಾವದು ಬೇಕು ಅದು" ಎನ್ನುತ್ತಿದ್ದ. ಊರವರು ಇದನ್ನು ಮೆತ್ತಗಿನ ಸ್ವಭಾವವೆಂದು ಕರೆದು ಬಿಟ್ಟುಬಿಟ್ಟಿದ್ದರು. ಅದರೊಳಗೊಂದು ಅಪರೂಪದ ಗುಣ ಅಡಗಿದೆಯೆಂದು ಕಂಡುಹಿಡಿಯಲು ಪುಣೆಯಿಂದ ಜನ ಬರಬೇಕಾಯಿತು.

ಬಂದವರು 'ತ್ರಯಸ್ಥ ಧೋರಣ ಅಧ್ಯಯನ ಕೇಂದ್ರ'ದವರು. ತ್ರಯಸ್ಥರೆಂದರೆ ಎರಡೂ ಕಡೆಗೆ ಸೇರದ ಮೂರನೆಯವರು. ಈ ಕೇಂದ್ರ ಸರ್ಕಾರದ್ದಲ್ಲ, ಪಕ್ಷದ್ದಲ್ಲ, ಕಂಪನಿಯದೂ ಅಲ್ಲ. ಸರ್ಕಾರ ಮಾಡಿದ ನಿಯಮ ಜನರ ಮನೆಯ ಅಂಗಳಕ್ಕೆ ಬರುವಷ್ಟರಲ್ಲಿ ಏನಾಗಿರುತ್ತದೆಂದು ಓಣಿ ಓಣಿ ತಿರುಗಿ ನೋಡಿ, ಹೀಗಲ್ಲ ಹೀಗೆ ಮಾಡಿರೆಂದು ಸರ್ಕಾರಕ್ಕೆ ಸಲಹೆ ಕೊಡುವುದು ಅದರ ಕೆಲಸ. ಈ ಸಲದ ವಿಷಯ, ಹಳ್ಳಿಗಳಲ್ಲಿ ನಳದ ನೀರನ್ನು ಯಾವ ಹೊತ್ತಿಗೆ ಬಿಡಬೇಕು ಎಂಬುದು. ಆರಿಸಿಕೊಂಡ ಊರುಗಳು ಕರಜಗಿ, ಯಳವಿ ಮತ್ತು ಗುಡ್ಡಾಪುರ. ಅದುವರೆಗೆ ಕರಜಗಿಯಲ್ಲಿ ನೀರು ಬಿಡುವವನಿಗೆ ನೆನಪಾದಾಗ ನೀರು ಬರುತ್ತಿತ್ತು.

ಕೇಂದ್ರದ ಅನುರಾಧಾ ಮೇಡಮ್ ಸೊಲ್ಲಾಪುರದವರು, ಆದ್ದರಿಂದ ಕನ್ನಡ ಬಲ್ಲವರು. ಊರಿನ ಮನೆಗಳನ್ನು ತೋರಿಸಿ ಪ್ರಶ್ನೆ ಕೇಳಲು ಸ್ಥಳೀಯ ಸಹಾಯಕರೊಬ್ಬರು ಅವರಿಗೆ ಬೇಕಾಗಿತ್ತು. ಯಾರನ್ನು ಕೇಳಿದರೂ ಒಂದು ಕಡೆಯವರೇ. ಕೊನೆಗೆ ಅಂಗಡಿಗೆ ಬಂದು ಮುರಗೆಪ್ಪನನ್ನು ಕೇಳಿದರು:

"ನೀರು ಮುಂಜಾನಿ ಬಿಡಬೇಕೋ, ಸಂಜಿಗೋ? ನಿಮಗೇನನಸ್ತದರಿ ಕಾಕಾ?"

"ಎರಡೂ ಚಲೋ ಅದಾವ್ರಿ," ಎಂದ ಮುರಗೆಪ್ಪ.

ಮೇಡಮ್ಮಿನ ಕಣ್ಣು ಅರಳಿತು. ನೇಮಕ ಅಲ್ಲಿಯೇ ಆಯಿತು.

ತರಬೇತಿ ತಾಲೂಕಿನ ಊರು ಜತ್ತದಲ್ಲಿ ನಡೆಯಿತು. ಮುರಗೆಪ್ಪನಿಗೆ ಹೆಗಲಿಗೊಂದು ಚೀಲ, ಕೊರಳಿಗೊಂದು ಗುರುತಿನ ಚೀಟಿ ಸಿಕ್ಕವು. ಚೀಟಿಯನ್ನು ಸ್ನಾನದ ಹೊತ್ತು ಬಿಟ್ಟರೆ ಅವನು ಕೊರಳಿನಿಂದ ತೆಗೆದವನಲ್ಲ. ತರಬೇತಿಯಲ್ಲಿ ಮೇಡಮ್ ಒಂದು ಸೂಚನೆ ಕೊಟ್ಟರು. ಅಭಿಪ್ರಾಯ ಹೇಳುವವರ ಮನೆಯಲ್ಲಿ ಸತ್ಕಾರ ಸ್ವೀಕರಿಸಬಾರದು. ಸ್ವೀಕರಿಸಿದರೆ ನಮ್ಮ ಸ್ವಾತಂತ್ರ್ಯ ಉಳಿಯುವುದಿಲ್ಲ. ಯಳವಿಯ ಸಹಾಯಕ ಸಾತಪ್ಪ ಎದ್ದು ನಿಂತು, "ಮಟನ್ ಊಟ ಸಣ್ಣದಿದ್ರರಿ? ಬರೇ ಮನಿಮಂದಿಯಷ್ಟ?" ಎಂದು ಕೇಳಿದ. ಮೇಡಮ್ ಬಿಗಿಯಾಗಿ, "ಸತ್ಕಾರ ಅಂದ್ರ ಸತ್ಕಾರ. ಸಣ್ಣದು ದೊಡ್ಡದು ಅಂತ ಫರಕ ಇಲ್ಲ," ಎಂದರು.

ಆ ಉತ್ತರ ಸಾತಪ್ಪನ ಮಟನ್ನಿಗೆ ಕೊಟ್ಟದ್ದು. ಮುರಗೆಪ್ಪ ಅದನ್ನು ತನ್ನ ಚಹಾಕ್ಕೆ ಅನ್ವಯಿಸಿಕೊಂಡು ಮನೆಗೆ ಬಂದ.

ಮೊದಲ ಸಂದರ್ಶನ ಎದುರು ಮನೆಯ ಇಂದ್ರಾಬಾಯಿಯದು. ಓಣಿಯಲ್ಲಿ ಅವಳಿಗೆ ತಿಳಿಯದೆ ಎಮ್ಮೆ ಕೂಡ ಕರು ಹಾಕುವುದಿಲ್ಲ. ನೀರು ಮುಂಜಾನೆಯೇ ಬರಬೇಕೆಂಬ ಪಂಗಡಕ್ಕೆ ಅವಳೇ ಮುಖ್ಯಸ್ಥೆ. ಪ್ರಶ್ನೆಗಳಿಗೆ ಉತ್ತರಿಸಿದಳು, ಕೇಳದ ಪ್ರಶ್ನೆಗಳಿಗೂ ಉತ್ತರಿಸಿದಳು. ಆಮೇಲೆ ಬಶಿಯಲ್ಲಿ ಕಪ್ಪಿಟ್ಟು ಚಹಾ ತಂದಳು.

"ಬ್ಯಾಡ್ರಿ ವೈನಿ," ಎಂದ ಮುರಗೆಪ್ಪ.

"ಯಾಕ, ಸಕ್ಕರಿ ರೋಗ ಬಂದದೇನು?"

"ಇಲ್ರಿ."

"ಹೊಟ್ಟಿ ಕೆಟ್ಟದೇನು?"

"ಹೊಟ್ಟಿ ಚಲೋ ಅದ್ರಿ."

"ಮತ್ತ ನಮ್ಮ ಕೈಯಾನ ಚಾ ಯಾಕ ಬ್ಯಾಡ?"

"ನಾ ಈಗ ತ್ರಯಸ್ಥ ಅದೀನ್ರಿ," ಎಂದು ಮುರಗೆಪ್ಪ ಕೊರಳಿನ ಚೀಟಿಯನ್ನು ಎತ್ತಿ ತೋರಿಸಿದ.

ಈ ಸೀಮೆಯಲ್ಲಿ ಚಹಾ ಒಲ್ಲೆನೆನ್ನಲು ಒಪ್ಪಿತವಾದ ಕಾರಣಗಳಿವೆ. ರೋಗ ಒಂದು, ಸೋಮವಾರದ ಒಪ್ಪತ್ತು ಇನ್ನೊಂದು, ಬಸ್ಸು ಹೊರಟು ನಿಂತಿರುವುದು ಮತ್ತೊಂದು. ಗಟ್ಟಿ ಹೊಟ್ಟೆಯ ಮನುಷ್ಯ, ಸೋಮವಾರವಲ್ಲದ ದಿನ, ಬಸ್ಸಿಲ್ಲದ ಹೊತ್ತಿನಲ್ಲಿ ಚಹಾ ಬೇಡವೆಂದರೆ ಅರ್ಥ ಒಂದೇ: ಅವನು ಎದುರು ಪಂಗಡದವರ ಚಹಾ ಕುಡಿದು ಬಂದಿದ್ದಾನೆ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಮುರಗೆಪ್ಪ ಸರಪಂಚ ತಾನಾಜಿಯ ಕಡೆ ಸೇರಿದ. ಇನ್ನು ಕರಜಗಿಗೆ ನೀರು ಸಂಜೆಯೇ.

ಸಂಜೆಯ ಪಂಗಡದ ಮುಖ್ಯಸ್ಥ ತಾನಾಜಿಗೆ ಈ ಸುದ್ದಿ ಮುಟ್ಟಿತು. ಅವನು ಸಂತೋಷದಿಂದ ಮುರಗೆಪ್ಪನನ್ನು ಗ್ರಾಮಪಂಚಾಯತಿಗೆ ಕರೆಸಿ ತನ್ನ ಸೋದರಮಾವನ ಹೋಟೆಲಿನಿಂದ ಸ್ಪೆಶಲ್ ಚಹಾ ತರಿಸಿದ. ಮುರಗೆಪ್ಪ ಅದನ್ನೂ ಮುಟ್ಟಲಿಲ್ಲ. ತಾನಾಜಿ ಕಪ್ಪನ್ನು ನೋಡಿದ, ಮುರಗೆಪ್ಪನನ್ನು ನೋಡಿದ, ಕೋಣೆಯಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದ.

"ಮುರಗೆಪ್ಪಣ್ಣಾ, ಖರೇ ಹೇಳು. ಫಾರ್ಮ್ ಎಂದ ತುಂಬಾವ?"

"ಯಾವ ಫಾರ್ಮ್‌ರಿ?"

"ಇಲೆಕ್ಷನ್ನಿಂದು. ನನಗೇನು ತಿಳ್ಯಂಗಿಲ್ಲೇನು? ಮೊದಲ ಮಂದಿ ಮನ್ಯಾಗ ಚಾ ಬಿಡತಾರ. ಆಮ್ಯಾಲ ಬಿಳಿ ಅಂಗಿ ಹಾಕತಾರ. ಆಮ್ಯಾಲ ಫಾರ್ಮ್ ತುಂಬತಾರ. ನಾನೂ ಹಂಗ ಬಂದಾವ."

"ನಾ ಮೊದಲಿಂದ ಬಿಳಿ ಅಂಗೀನ ಹಾಕತೀನಲ್ರಿ."

"ಹಂಗಾದ್ರ ತಯಾರಿ ಮೊದಲಿಂದ ನಡದದ," ಎಂದು ತಾನಾಜಿ ನಿಟ್ಟುಸಿರುಬಿಟ್ಟ. "ನಿನ್ನಂಥ ಮೆತ್ತಗಿನ ಮನಶ್ಯಾನ್ನ ನಾ ಗುರುತಾ ಹಿಡೀಲಿಲ್ಲ ನೋಡು."

ಹೀಗೆ ಎರಡೂ ಪಂಗಡಗಳ ವೈರವನ್ನು ಒಂದೇ ದಿನದಲ್ಲಿ ಸಂಪಾದಿಸಿ ಮುರಗೆಪ್ಪ ಪರಿಪೂರ್ಣ ತ್ರಯಸ್ಥನಾದ. ಇನ್ನುಳಿದದ್ದು ಸ್ವಂತ ಮನೆ. ಅದನ್ನೂ ವಿಧಿ ಉಳಿಸಲಿಲ್ಲ. ಅನುರಾಧಾ ಮೇಡಮ್ ಚೀಟಿ ಎತ್ತಿ ಮನೆಗಳನ್ನು ಆರಿಸಿದಾಗ ಹತ್ತಳ್ಳಿಯವರ ಮನೆಯೂ ಬಂತು. ಮಲಕವ್ವ ಮೇಡಮ್ಮಿನ ಮುಂದೆ ಕುಳಿತು, ನೀರು ಬಿಡುವ ಗಂಡಸರಿಗೆ ಒಂದು ದಿನವಾದರೂ ಭಾಂಡೆ ತಿಕ್ಕಿಸಬೇಕೆಂದು ಅಭಿಪ್ರಾಯ ಕೊಟ್ಟಳು. ಮರುದಿನ ಬೆಳಿಗ್ಗೆ ಎಂದಿನಂತೆ ಚಹಾ ತಂದು ಗಂಡನ ಮುಂದಿಟ್ಟಳು. ಮುರಗೆಪ್ಪ ಚಹಾದಿಂದ ಹೆಂಡತಿಯ ಕಡೆಗೆ ದೃಷ್ಟಿ ಎತ್ತಿದ.

"ಇದನ್ನ ನಾ ಕುಡಿಯಾಕ ಬರಂಗಿಲ್ಲ. ನೀ ಈಗ ಬರೇ ಹೆಂಡ್ತಿ ಅಲ್ಲ. ಅಭಿಪ್ರಾಯ ಕೊಟ್ಟಾಕಿ."

"ಲಗ್ನ ಆದಾಗಿಂದ ಕೊಡಾಕತ್ತೀನಿ," ಎಂದಳು ಮಲಕವ್ವ. "ಇಲ್ಲೀತನ ಯಾರೂ ತಗೊಂಡಿಲ್ಲ. ಚಾ ಬ್ಯಾಡಾದ್ರ ರೊಟ್ಟಿ?"

ಮುರಗೆಪ್ಪ ಗಂಭೀರವಾಗಿ ಯೋಚಿಸಿದ. ಹೊಟ್ಟೆ ಕೂಡ ಆ ಯೋಚನೆಯಲ್ಲಿ ಪಾಲ್ಗೊಂಡಿತು. "ರೊಟ್ಟಿ ವ್ಯವಸ್ಥಾ. ಚಾ ಸತ್ಕಾರ."

"ಹೌದೇನ್ರಿ," ಎಂದು ಮಲಕವ್ವ ಅವನ ಕಪ್ಪನ್ನು ತೆಗೆದುಕೊಂಡು, ಅವನೆದುರಿಗೇ ಕುಳಿತು, ಅದನ್ನು ತಾನೇ ಕುಡಿದಳು. ಅಷ್ಟು ನಿಧಾನವಾಗಿ ಆ ಮನೆಯಲ್ಲಿ ಹಿಂದೆ ಯಾರೂ ಚಹಾ ಕುಡಿದಿರಲಿಲ್ಲ.

ತಾನೇ ಮಾಡಿಕೊಳ್ಳೋಣವೆಂದರೆ ಹಾಲು ಇಂದ್ರಾಬಾಯಿಯ ಎಮ್ಮೆಯದು. ಹೋಟೆಲಿಗೆ ಹೋಗೋಣವೆಂದರೆ ಅದು ತಾನಾಜಿಯ ಸೋದರಮಾವನದು. ಕರಜಗಿಯಲ್ಲಿ ಅಭಿಪ್ರಾಯವಿಲ್ಲದ ಚಹಾ ಎಲ್ಲಿಯೂ ಸಿಗದಾಯಿತು.

ಇಷ್ಟಕ್ಕೇ ನಿಂತಿದ್ದರೆ ಊರು ನಕ್ಕು ಮರೆಯುತ್ತಿತ್ತು. ಆದರೆ ಗುಡ್ಡಾಪುರದ ಪ್ರಯಾಣ ಮುಂದಿತ್ತು.

ಮುರಗೆಪ್ಪನ ಮಗಳು ಉಮಾಶ್ರೀ ಕನ್ನಡ ಸಾಲಿಯ ಮಾಸ್ತರತಿ. ಗುಡ್ಡಾಪುರದ ಶಿವಶರಣ ಅವಳ ಕಾಲೇಜಿನ ಜೊತೆಗಾರ. ಜತ್ತದಲ್ಲಿ ಮೊಬೈಲ್ ದುರಸ್ತಿಯ ಅಂಗಡಿ ಇಟ್ಟವನು. ಇಬ್ಬರೂ ತಮ್ಮ ತಮ್ಮಲ್ಲಿ ಎಂದೋ ಒಪ್ಪಿ, ಹಿರಿಯರೇ ಹುಡುಕಿದರೆಂಬಂತೆ ಹಿರಿಯರನ್ನು ಜಾಣತನದಿಂದ ಪರಸ್ಪರ ಭೇಟಿಮಾಡಿಸಿದ್ದರು. ಹೆಣ್ಣಿನವರು ಗಂಡಿನ ಮನೆ ನೋಡಿಬರುವ ಶಾಸ್ತ್ರವೊಂದು ಬಾಕಿ. ಆ ಶಾಸ್ತ್ರಕ್ಕೆ ಮಂತ್ರವಿಲ್ಲ, ಬರಹವಿಲ್ಲ. ಹೆಣ್ಣಿನ ತಂದೆ ಆ ಮನೆಯ ಚಹಾ ಕುಡಿದರೆ ಮಾತು ಕೊಟ್ಟಂತೆ. ಮುಟ್ಟದೆ ಎದ್ದರೆ ಮಾತು ಮುರಿದಂತೆ.

ಗಂಡಿನ ತಂದೆ ಭರಮಣ್ಣನವರದು ದಾನಮ್ಮದೇವಿಯ ಗುಡಿಯ ಹತ್ತಿರ ಕಾಯಿ, ಕುಂಕುಮ, ಬಳೆಗಳ ಅಂಗಡಿ. ಬಂದ ಭಕ್ತರು ಕಾಯಿ ಕೊಳ್ಳದಿದ್ದರೂ ಚಹಾ ಕುಡಿದೇ ಹೋಗಬೇಕೆಂಬ ಹಟದವರು. ದುರ್ದೈವದಿಂದ ಅವರೂ ತ್ರಯಸ್ಥದವರಿಗೆ ಅಭಿಪ್ರಾಯ ಕೊಟ್ಟಿದ್ದರು.

ಮನೆ ನೋಡಿದ್ದಾಯಿತು. ಭರಮಣ್ಣನವರ ಹೆಂಡತಿ ರುಕ್ಮವ್ವ ತಟ್ಟೆಯಲ್ಲಿ ಚಹಾ ತಂದಳು. ಎಲ್ಲರ ಕೈಗೂ ಕಪ್ಪು ಬಂತು. ಮುರಗೆಪ್ಪನ ಕೈ ಅರ್ಧ ದಾರಿ ಹೋಗಿ, ಕೊರಳ ಚೀಟಿಗೆ ತಾಗಿ, ಹಿಂದೆ ಬಂತು.

"ಈ ಚಾ ನಾ ಕುಡಿಯಾಕ ಬರಂಗಿಲ್ರಿ."

ಭರಮಣ್ಣನವರು ರುಮಾಲು ಸರಿಪಡಿಸಿಕೊಂಡರು.

"ನಮ್ಮ ಹುಡುಗನಾಗ ಏನ ಐಬ ಕಂಡ್ರಿ?"

"ಹುಡುಗ ಭಾಳ ಚಲೋ ಅದಾನ್ರಿ."

"ಮನಿ?"

"ಮನೀನೂ ಚಲೋ ಅದ್ರಿ."

"ಮತ್ತೇನು?"

"ನೀವು ನಳದ ನೀರಿನ ಬಗ್ಗೆ ಅಭಿಪ್ರಾಯ ಕೊಟ್ಟೀರಲ್ರಿ. ಅದಕ್ಕ."

ಭರಮಣ್ಣನವರು ಈ ಮಾತನ್ನು ಬಹಳ ಹೊತ್ತು ಅಗಿದರು. ಅದು ನುಂಗುವಂತಿರಲಿಲ್ಲ. "ಮಧ್ಯಾಹ್ನ ನೀರು ಬರಲಿ ಅಂದೀನಿ. ಗುಡಿ ಗದ್ದಲ ಆಗ ಕಮ್ಮಿ ಇರತದ ಅಂತ. ಮಧ್ಯಾಹ್ನ ನೀರು ಬೇಕಂದಾವನ ಮಗಗ ನೀವು ಹೆಣ್ಣ ಕೊಡಂಗಿಲ್ಲೇನು?"

"ಹಂಗಲ್ರಿ. ಮಧ್ಯಾಹ್ನನೂ ಚಲೋ ಅದ್ರಿ."

"ಸಾಕು ಹತ್ತಳ್ಳಿಯವರ." ಭರಮಣ್ಣನವರು ಎದ್ದು ನಿಂತರು. "ನನ್ನ ಮಾತು ಒಂದ. ನಮ್ಮನಿ ಚಾ ನಿಮ್ಮ ಗಂಟಲದಾಗ ಇಳಿದ ದಿನ ಬೀಗತನ. ಅಲ್ಲೀತನ ನಾ ಕರಜಗಿ ಮಾರಿ ನೋಡಂಗಿಲ್ಲ. ಮಂಗಳವಾರ ಮಂಗಳವೇಡೆದವರು ಮನಿ ನೋಡಾಕ ಬರಾವರದಾರ. ಅವರು ಕುಡೀತಾರ."

ಬರುವಾಗ ಜೀಪಿನಲ್ಲಿ ಮಲಕವ್ವ ಕಿಟಕಿಯ ಕಡೆಗೆ ತಿರುಗಿ ಕುಳಿತಳು. ಉಮಾಶ್ರೀ ಮಾತ್ರ ಸಾಲಿಯ ಮಕ್ಕಳಿಗೆ ಲೆಕ್ಕ ಕೇಳುವ ದನಿಯಲ್ಲಿ ಕೇಳಿದಳು:

"ಅಪ್ಪಾ, ನಿಮ್ಮ ಅಧ್ಯಯನ ಯಾವಾಗ ಮುಗೀತದ?"

"ವರದಿ ಬರೀಬೇಕು. ಸರ್ಕಾರಕ್ಕ ಕೊಡಬೇಕು. ಸರ್ಕಾರ ಸಮಿತಿ ಮಾಡಬೇಕು. ಸಮಿತಿ ವಿಚಾರ ಮಾಡಬೇಕು."

"ಅಷ್ಟರಾಗ ಶಿವಶರಣನ ಮಕ್ಕಳು ಸಾಲಿಗಿ ಬಂದಿರತಾವು. ನಾನ ಅವಕ್ಕ ಮಗ್ಗಿ ಕಲಿಸ್ತಿರತೀನಿ. ಅವರವ್ವ ಮಂಗಳವೇಡೆದಾಕಿ ಇರತಾಳು."

ಮುರಗೆಪ್ಪನ ಕಣ್ಣು ತೇವವಾಯಿತು. ಮಗಳ ಮೇಲೆ ಅವನಿಗೆ ಜೀವ. ಆದರೆ ಜೀವನದಲ್ಲಿ ಮೊದಲ ಬಾರಿಗೆ ಅವನಿಗೊಂದು ಧೋರಣೆ ಸಿಕ್ಕಿತ್ತು. ಸಿಕ್ಕದ್ದನ್ನು ಬಿಡುವುದು ಹೇಗೆಂದು ತಿಳಿಯದು.

ಉಮಾಶ್ರೀ ಅಲ್ಲಿಯೇ ಅನುರಾಧಾ ಮೇಡಮ್ಮಿಗೆ ಫೋನು ಹಚ್ಚಿ, ಎಲ್ಲವನ್ನೂ ಹೇಳಿ, ಫೋನನ್ನು ತಂದೆಯ ಕಿವಿಗೆ ಹಿಡಿದಳು. "ಕಾಕಾ," ಮೇಡಮ್ಮಿನ ದನಿ ಕಳವಳದಿಂದ ಕೂಡಿತ್ತು, "ಚಹಾ ಕುಡೀರಿ. ಚಹಾಕ್ಕ ಏನೂ ಅಡ್ಡಿ ಇಲ್ಲ. ದಯಮಾಡಿ ಕುಡೀರಿ."

ಮುರಗೆಪ್ಪ ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ಎಲ್ಲ ಅರ್ಥವಾದವನ ನಗೆ ನಕ್ಕ. "ಪರೀಕ್ಷಾ ಮಾಡಾಕತ್ತಾರ," ಎಂದು ಮಗಳಿಗೆ ಪಿಸುಗುಟ್ಟಿದ. ಆಮೇಲೆ ಫೋನಿಗೆ ಗಟ್ಟಿಯಾಗಿ ಹೇಳಿದ: "ಇಲ್ರಿ ಮೇಡಮ್. ನಾ ಕುಡಿಯಂಗಿಲ್ಲ."

ಆ ತುದಿಯಿಂದ ಮೇಡಮ್ ಹಣೆ ಬಡಿದುಕೊಂಡ ಸದ್ದು ಬಂತು. ಅದನ್ನು ಮುರಗೆಪ್ಪ ಮೆಚ್ಚುಗೆಯೆಂದು ತಿಳಿದ.

ರವಿವಾರದ ರಾತ್ರಿ ಬಾಗಿಲು ಬಡಿದು, ಹೊಸ್ತಿಲ ಮೇಲೆ ಕಿಟ್ಲಿ ಕಾಣಿಸಿಕೊಂಡದ್ದು ಇಷ್ಟೆಲ್ಲ ಆದ ಮೇಲೆ. ಮರುದಿನ ಸೋಮವಾರ ಗ್ರಾಮಪಂಚಾಯತಿಯಲ್ಲಿ ಮೂರೂ ಊರಿನವರ ಸಾರ್ವಜನಿಕ ಸಭೆ. ಅದರ ಮರುದಿನ ಮಂಗಳವೇಡೆದವರು.

ಮುರಗೆಪ್ಪ ಕಿಟ್ಲಿಯನ್ನು ಎತ್ತಿಕೊಂಡು ಹಿತ್ತಲಿನ ಪೈಪಿನ ಕೋಣೆಗೆ ಹೋಗಿ ಬಾಗಿಲು ಮುಂದೆಮಾಡಿದ. ಅಲ್ಲಿ ಅವನಿಗೂ ಅವನ ಧೋರಣೆಗೂ ಚರ್ಚೆ ನಡೆಯಿತು. ಸತ್ಕಾರವೆಂದರೆ ಒಬ್ಬರು ಮಾಡಬೇಕು. ಇಲ್ಲಿ ಮಾಡಿದವರೇ ಇಲ್ಲ. ಕೊಟ್ಟವರಿಲ್ಲದ ಮೇಲೆ ಕೊಡುಗೆ ಎಲ್ಲಿಯದು? ಕೊಡುಗೆ ಇಲ್ಲದ ಮೇಲೆ ಋಣ ಎಲ್ಲಿಯದು? ಅಭಿಪ್ರಾಯವಿಲ್ಲದ ಚಹಾ ಲೋಕದಲ್ಲಿ ಒಂದಾದರೂ ಇದ್ದರೆ ಅದು ಇದೇ. ಧೋರಣೆ ಏನೋ ಹೇಳಲು ಬಾಯಿ ತೆರೆಯಿತು. ಅಷ್ಟರಲ್ಲಿ ಶುಂಠಿಯ ವಾಸನೆ ಮತ್ತೊಮ್ಮೆ ಬಂತು. ಮುರಗೆಪ್ಪ ಕೊರಳ ಚೀಟಿಯನ್ನು ತೆಗೆದು, ಅದರ ಮುಖ ಗೋಡೆಯ ಕಡೆಗಿರುವಂತೆ ಮೊಳೆಗೆ ತೂಗುಹಾಕಿದ. ಕಪ್ಪಿಗಾಗಿ ತಡಕಾಡಿ, ಪೈಪಿನ ಬಾಯಿಗೆ ಮುಚ್ಚುವ ಹೊಸ ಪ್ಲಾಸ್ಟಿಕ್ ಟೊಪ್ಪಿಗೆಯೊಂದನ್ನು ಎತ್ತಿಕೊಂಡು, ಅದರಲ್ಲಿ ಬಗ್ಗಿಸಿ ಬಗ್ಗಿಸಿ, ಕಿಟ್ಲಿ ಬರಿದಾಗುವವರೆಗೆ ಕುಡಿದ. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು.

ಬೆಳಗಾಗುತ್ತಲೇ ಅನುಮಾನವೂ ಎದ್ದಿತು. ಕೊಟ್ಟವರು ಇಲ್ಲವೆಂದಲ್ಲ, ಕಾಣಲಿಲ್ಲ ಅಷ್ಟೇ. ನಾಳೆ ಅವರು ಎದ್ದು ಬಂದು, 'ನಮ್ಮ ಚಹಾ ಕುಡಿದಿದ್ದೀರಿ, ನೀರು ಮುಂಜಾನೆ ಬಿಡಿಸಿರಿ' ಎಂದರೆ? ಸಂಜೆಯೆಂದರೆ? ಇದು ಸಾರ್ವಜನಿಕ ನೀತಿಯ ಮೇಲೆ ನಡೆದ ಹಲ್ಲೆ. ಮುರಗೆಪ್ಪ ಕಿಟ್ಲಿಯನ್ನು ಕೇಂದ್ರದ ಚೀಲದಲ್ಲಿಟ್ಟುಕೊಂಡು, ಚೀಟಿ ಧರಿಸಿ, ಸಭೆಗೆ ಹೊರಟ. ಕುಡಿದ ವಿಷಯವನ್ನು ಹೇಳಬೇಕಾದೀತೆಂದು ಅವನಿಗೆ ಇನ್ನೂ ಹೊಳೆದಿರಲಿಲ್ಲ.

ಸಭೆ ತುಂಬಿತ್ತು. ಮೇಜಿನ ಹಿಂದೆ ಅನುರಾಧಾ ಮೇಡಮ್, ಪಕ್ಕದಲ್ಲಿ ತಾನಾಜಿ. ನಳದ ಮುಂದೆ ನಿಜವಾಗಿ ನಿಲ್ಲುವವರು ಹೆಂಗಸರೆಂದು ಮೇಡಮ್ ಅವರನ್ನೆಲ್ಲ ಕರೆಸಿದ್ದರಿಂದ ಇಂದ್ರಾಬಾಯಿ, ಮಲಕವ್ವ, ಗುಡ್ಡಾಪುರದಿಂದ ಬಂದ ರುಕ್ಮವ್ವ ಮುಂದಿನ ಸಾಲಿನಲ್ಲಿದ್ದರು. ಉಮಾಶ್ರೀ ಕಂಬಕ್ಕೆ ಒರಗಿ ನಿಂತಿದ್ದಳು. ಶಿವಶರಣ ಬಾಗಿಲ ಬಳಿ, ಅವಳು ಕಾಣುವಂಥ ಜಾಗದಲ್ಲಿದ್ದ. ಭರಮಣ್ಣನವರು, "ನಾ ನೀರಿನ ಸಲುವಾಗಿ ಬಂದೀನಿ, ಬ್ಯಾರೆ ಯಾವದಕ್ಕೂ ಅಲ್ಲ," ಎಂದು ಯಾರೂ ಕೇಳದಿದ್ದರೂ ಹೇಳಿ, ಕರಜಗಿಯ ಮುಖ ನೋಡುವುದಿಲ್ಲವೆಂಬ ಪ್ರತಿಜ್ಞೆಗೆ ಭಂಗ ಬಾರದಂತೆ ಗೋಡೆಯ ಮುಖ ನೋಡುತ್ತ ಕುಳಿತಿದ್ದರು.

ಮೇಡಮ್ ಮಾತು ಆರಂಭಿಸುವ ಮೊದಲೇ ಮುರಗೆಪ್ಪ ಎದ್ದು ಕಿಟ್ಲಿಯನ್ನು ಮೇಜಿನ ಮೇಲಿಟ್ಟ.

"ನಿನ್ನಿ ರಾತ್ರಿ ಯಾರೋ ನನ್ನ ಹೊಸ್ತಿಲದ ಮ್ಯಾಲ ಇದರ ತುಂಬ ಆರಿದ ಚಾ ಇಟ್ಟು ಹೋಗ್ಯಾರ. ತ್ರಯಸ್ಥ ಮನಶ್ಯಾನ್ನ ತಮ್ಮ ಕಡಿಯಾವನ್ನ ಮಾಡ್ಕೊಳ್ಳಾಕ ನೋಡ್ಯಾರ. ಯಾರದು ಅವರು ಎದ್ದು ನಿಲ್ರಿ."

ಯಾರೂ ಏಳಲಿಲ್ಲ. ತಾನಾಜಿ ಇಂದ್ರಾಬಾಯಿಯ ಕಡೆಗೆ ನೋಡಿ ಕೆಮ್ಮಿದ.

"ನನ್ನ ಯಾಕ ನೋಡತಿ ಸರಪಂಚಾ?" ಎಂದಳು ಇಂದ್ರಾಬಾಯಿ. "ನಾ ಚಾ ಕೊಟ್ರ ಹಗಲಿನ್ಯಾಗ ಕೊಡತೀನಿ, ನಾಕ ಮಂದಿ ಮುಂದ. ಕತ್ತಲದಾಗ ಕದ್ದು ಕೊಡಾಕ ನಮ್ಮ ಹಾಲಿನ್ಯಾಗೇನು ನೀರು ಇರತದೇನು? ನಿಮ್ಮ ಮಾವನ ಹೊಟೆಲಿಂದು ಇರಬೇಕು, ಮೂಸಿ ನೋಡು."

"ನಮ್ಮ ಮಾವ ಇಷ್ಟ ಶುಂಠಿ ಹಾಕಂಗಿಲ್ಲ," ಎಂದ ತಾನಾಜಿ, ನಿಜಕ್ಕೂ ಮೂಸಿ ನೋಡಿ.

ಕಿಟ್ಲಿ ಕೈಯಿಂದ ಕೈಗೆ ಹೊರಟಿತು. ನೀರಿನ ವಿಷಯದಲ್ಲಿ ಒಂದಾಗದ ಮೂರು ಊರಿನ ಜನ ಅದನ್ನು ತಿರುಗಿಸಿ, ಮುಚ್ಚಳ ಎತ್ತಿ, ತಳ ಬಡಿದು, ಒಮ್ಮತದಿಂದ ಪರೀಕ್ಷಿಸಿದರು. ಮುಚ್ಚಳದ ಗುಂಡಿ ಕಿತ್ತುಹೋಗಿದ್ದ ಜಾಗದಲ್ಲಿ ಹಸಿರು ಗಾಜಿನ ಬಳೆಯ ಚೂರೊಂದನ್ನು ತಂತಿಯಿಂದ ಬಿಗಿದಿದ್ದರು. ಅದು ಮುಂದಿನ ಸಾಲಿಗೆ ಬಂದಾಗ ರುಕ್ಮವ್ವ ಕೈಚಾಚಿದಳು.

"ಇತ್ಲಾಗ ಕೊಡ್ರಿ. ಇದು ನಮ್ಮನಿ ಕಿಟ್ಲಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಭರಮಣ್ಣನವರು ಗೋಡೆಯಿಂದ ತಿರುಗಿದರು. "ನಮ್ಮ ಕಿಟ್ಲಿನ? ಯಾವನೋ ಕದ್ದಾನ. ಮನಿಯೊಳಗ ಕಳ್ಳರು ಹೊಕ್ಕಾರಂದಂಗಾತು. ಪೊಲೀಸರಿಗೆ ಹೇಳಬೇಕು ಇದನ್ನ."

ಆದರೆ ಮಲಕವ್ವನ ಮನಸ್ಸು ಅಷ್ಟರಲ್ಲಿ ಬೇರೆಡೆಗೆ ಓಡಿತ್ತು. ಅವಳು ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನನ್ನು ಎದುರಿಸಿದಳು.

"ಇಲ್ಲಿ ನೋಡ್ರಿ. ಕಿಟ್ಲಿ ಈಗ ಖಾಲಿ ಅದ. ನಿನ್ನಿ ತುಂಬಿತ್ತಂತ ನೀವ ಹೇಳಿದ್ರಿ. ಚಾ ಎಲ್ಲಿ ಹ್ವಾತು?"

ಚೆಲ್ಲಿದೆನೆಂದರೆ ಮುರಗೆಪ್ಪನ ಸ್ವಾತಂತ್ರ್ಯ ಉಳಿಯುತ್ತದೆ, ಚೀಲ ಉಳಿಯುತ್ತದೆ, ಕೊರಳಿನ ಚೀಟಿ ಉಳಿಯುತ್ತದೆ. ಕುಡಿದೆನೆಂದರೆ ಮೂರು ಊರಿನ ಮುಂದೆ ಅವೆಲ್ಲ ಹೋಗುತ್ತವೆ. ಅವನು ಮೇಡಮ್ಮಿನ ಕಡೆಗೆ ನೋಡಿದ. ಆಮೇಲೆ ಕಂಬದ ಕಡೆಗೆ ನೋಡಿದ. ಒರಗಿದ್ದ ಉಮಾಶ್ರೀ ನೆಟ್ಟಗೆ ನಿಂತಳು.

"ಹೇಳ್ರಿ," ಎಂದಳು ಮಲಕವ್ವ. "ಚೆಲ್ಲಿದ್ರೋ, ಕುಡದ್ರೋ? ಎರಡೂ ಚಲೋ ಅದಾವು ಅನಬ್ಯಾಡ್ರಿ ಮತ್ತ."

ಮುರಗೆಪ್ಪ ಕೊರಳಿನ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟ.

"ಕುಡದೀನಿ," ಎಂದ. "ಪೂರಾ ಕುಡದೀನಿ. ತಳಕ್ಕಿದ್ದ ಶುಂಠಿ ಸೈತ ಜಗದೀನಿ. ಇನ್ನೊಂದ ಕಿಟ್ಲಿ ಇದ್ದಿದ್ರ ಅದನ್ನೂ ಕುಡೀತಿದ್ದೆ."

ಅದು ಅವನ ಆಯುಷ್ಯದ ಮೊದಲ ಸ್ಪಷ್ಟ ಅಭಿಪ್ರಾಯವಾದ್ದರಿಂದ ಹಿಂದಿನ ಸಾಲಿನವರು ಗೌರವದಿಂದ ಎದ್ದು ನಿಂತು ನೋಡಿದರು. ಅನುರಾಧಾ ಮೇಡಮ್ ಚೀಟಿಯನ್ನು ಎತ್ತಿ ಮತ್ತೆ ಅವನ ಕೊರಳಿಗೆ ಹಾಕಿದರು.

"ಕಾಕಾ, ಚಹಾ ಎಂದೂ ಬ್ಯಾಡ ಅಂದಿಲ್ಲ ನಾವು. ಪುಣೆದಾಗ ನಮ್ಮ ಕೇಂದ್ರ ನಡದಿರೂದ ಚಹಾದ ಮ್ಯಾಲ. ಬ್ಯಾಡ ಅಂದಿದ್ದು ಸಾತಪ್ಪನ ಮಟನ್ ಊಟಕ್ಕ."

"ಅಡಿಗಿಯವರಿಗೆ ಆಗಲೇ ಬ್ಯಾಡ ಅಂದೀನ್ರಿ," ಎಂದು ಹಿಂದಿನ ಸಾಲಿನಿಂದ ಸಾತಪ್ಪನ ದನಿ ದುಃಖದಿಂದ ಬಂತು.

ನಗೆಯ ನಡುವೆ ಎಲ್ಲರ ಕಣ್ಣು ಭರಮಣ್ಣನವರ ಮೇಲೆ ನೆಟ್ಟಿತು. ಅವರು ರುಮಾಲು ತೆಗೆದರು, ಮತ್ತೆ ಸುತ್ತಿದರು. "ನಾ ಮಾತಿಗೆ ತಪ್ಪಾವ ಅಲ್ಲ. ನಮ್ಮನಿ ಚಾ ಅವರ ಗಂಟಲದಾಗ ಇಳದದ. ಮಂಗಳವೇಡೆದವರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡತೀನಿ. ಮುಗೀತು. ಬರ್ರಿ ಬೀಗರ, ಇಲ್ಲಿ ಕುಂದ್ರಿ."

ಕಂಬದ ಬಳಿಯಿಂದ ಬಾಗಿಲ ಬಳಿಗೆ ಒಂದು ನೋಟ ಹೋಗಿ, ಅಲ್ಲಿಂದ ಒಂದು ನೋಟ ಬಂತು. ಅದನ್ನು ಇಂದ್ರಾಬಾಯಿ ಬಿಟ್ಟು ಯಾರೂ ಗಮನಿಸಲಿಲ್ಲವಾದ್ದರಿಂದ ಸಂಜೆಯೊಳಗೆ ಅದು ಎಲ್ಲರಿಗೂ ತಿಳಿಯಲಿತ್ತು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ತಾನಾಜಿ ಸರಪಂಚ. ಅಪರಾಧಿ ಸಿಗದ ಸಭೆಯನ್ನು ಅವನು ಎಂದೂ ಬರಖಾಸ್ತು ಮಾಡಿದವನಲ್ಲ.

"ಅದೆಲ್ಲಾ ಖರೇ. ಗುಡ್ಡಾಪುರದಿಂದ ಕರಜಗಿತನ ಆ ಕಿಟ್ಲಿ ನಡಕೊಂಡಂತೂ ಬಂದಿಲ್ಲ. ತಂದಾವರು ಯಾರು? ಏ ಹುಡುಗಾ ಶಿವಶರಣ, ನೀನ ಏನು?"

"ನಾನಾಗಿದ್ರ ಬಾಗಲಾ ಬಡದು ಓಡ್ತಿರಲಿಲ್ರಿ," ಎಂದ ಶಿವಶರಣ. "ಒಳಗ ಬಂದು ಕುಂದರತಿದ್ದೆ."

"ನೀ ಏನವಾ, ಮಾಸ್ತರತಿ?"

"ನಾ ತರಿಸಿದ್ರ ನಮ್ಮಪ್ಪಗ ಬಿಸಿ ಚಾ ಸಿಗತಿತ್ತು," ಎಂದಳು ಉಮಾಶ್ರೀ. "ಆರಿದ ಚಾ ತಂದಾವರು ಯಾರೋ ಹಿರ್ಯಾರ ಇರಬೇಕು. ಭಾಳ ಹೊತ್ತು ಹೊರಗ ನಿಂತು ವಿಚಾರ ಮಾಡ್ಯಾರ."

ಆಗ ರುಕ್ಮವ್ವ ಕಿಟ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಬಾಯಿಬಿಟ್ಟಳು. "ಚಾ ಮಾಡಿದಾಕಿ ನಾನ. ನಿನ್ನಿ ಸಂಜಿ ಕೇಳಿದ್ರಂತ ಮಾಡಿ, ತುಂಬಿ, ಕಂಬಳಿ ಸುತ್ತಿ ಕೊಟ್ಟೀನಿ. ಎಲ್ಲಿಗಂತ ನಾ ಕೇಳಲಿಲ್ಲ, ಅವರೂ ಹೇಳಲಿಲ್ಲ."

"ಈಗ ನೀರಿನ ಮಾತಾಡೂಣ್ರಿ," ಎಂದು ಭರಮಣ್ಣನವರು ಒಮ್ಮೆಲೇ ಎದ್ದು ನಿಂತರು. "ಮೇಡಮ್, ಭಾಳ ಹೊತ್ತಾತು. ಮಧ್ಯಾಹ್ನದ ನೀರಿನ ಬಗ್ಗೆ ನಂದೊಂದು ಸಲಹಾ ಅದ."

"ನೀರು ಎಲ್ಲಿ ಹೋಗಂಗಿಲ್ಲ, ಕುಂದ್ರಿ," ಎಂದ ತಾನಾಜಿ. "ಯಾರ ಕೈಯಾಗ ಕೊಟ್ರಿ ಅಕ್ಕಾವರ? ಹೆಸರು ಹೇಳ್ರಿ."

ರುಕ್ಮವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅವಳ ಭುಜಗಳು ನಗೆಯಿಂದ ಅಲುಗುತ್ತಿದ್ದವು. "ಆ ಹೆಸರು ನಾ ಹೆಂಗ ಹೇಳ್ಲಿ?"

ಹೆಂಗಸರ ಸಾಲಿನಲ್ಲಿ ಮೊದಲು ಇಂದ್ರಾಬಾಯಿಗೆ ತಿಳಿಯಿತು, ಆಮೇಲೆ ಮಲಕವ್ವನಿಗೆ, ಆಮೇಲೆ ಸಾಲಿಗೆ ಸಾಲೇ ಚಪ್ಪಾಳೆ ತಟ್ಟತೊಡಗಿತು.

"ಹಂಗ ಹೇಳಾಕ ಬರದಿದ್ರ ಒಡಪು ಹಾಕಿ, ಪ್ರಾಸಾ ಕಟ್ಟಿ ಹೇಳ್ರಿ ಯವ್ವಾ," ಎಂದಳು ಇಂದ್ರಾಬಾಯಿ. "ಲಗ್ನದಾಗ ಹೇಳಿಲ್ಲೇನು?"

ಭರಮಣ್ಣನವರು ಮತ್ತೆ ಗೋಡೆಯ ಕಡೆಗೆ ತಿರುಗಿದರು. ರುಕ್ಮವ್ವ ಎದ್ದು ನಿಂತಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಮದುಮಗಳಂತೆ ನೆಲ ನೋಡುತ್ತ ರಾಗವಾಗಿ ಹೇಳಿದಳು:

"ಚಾದಾಗ ಹಾಕಿದ್ದು ಹಸಿ ಶುಂಠಿ, ಹಳಿ ಬೆಲ್ಲ, ಕಿಟ್ಲಿ ಇಟ್ಟು ಓಡಿ ಬಂದವರು ಭರಮಣ್ಣನವರ ಬಿಟ್ರ ಬ್ಯಾರೆ ಯಾರೂ ಅಲ್ಲ."